ಲಂಕೆಯವರ ಬಾಳುವೆಯೂ ನಮ್ಮವರ ಬಾಳುವೆಯೂ

2022ನೆಯ ಇಸವಿಯ ಜುಲೈ ತಿಂಗಳ ಒಂದು ಬೆಳಗ್ಗೆ ನಮ್ಮ ಹತ್ತನೆಯ ತರಗತಿಯ ಬಾಲಿಕೆಯರು ಭೂಗೋಳದ ಪಾಠಕ್ಕೆ ಒಂದು ವೃತ್ತಪತ್ರಿಕೆಯನ್ನು ತಂದಿದ್ದರು. ಅದರ ಮೊದಲ ಪುಟದಲ್ಲಿ ಕೊಲಂಬೋ ಪಟ್ಟಣದ ಚಿತ್ರಗಳಿದ್ದುವು. ಪೆಟ್ರೋಲಿಗಾಗಿ ಕಣ್ಣು ಹಾಯುವವರೆಗೂ ನಿಂತ ಬಂಡಿಗಳ ಸಾಲು, ಬರಿದಾದ ಸಿಲಿಂಡರುಗಳನ್ನು ಮುಂದಿಟ್ಟುಕೊಂಡು ರಸ್ತೆಯಲ್ಲಿಯೇ ಕುಳಿತ ಹೆಂಗಸರು, ಅಧ್ಯಕ್ಷರ ನಿವಾಸದೊಳಕ್ಕೆ ನುಗ್ಗಿದ ಜನಸಂದಣಿ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಅಕ್ಕೋರೇ, ಲಂಕೆಯವರು ನಮಗಿಂತ ಬಡವರೇನ್ರಿ?” ಎಂದು ಕೇಳಿದಳು. ನಾವು ಹೆಚ್ಚು ಯೋಚಿಸದೆ, “ಹೌದಮ್ಮಾ, ಪಾಪ, ಅವರ ಸ್ಥಿತಿ ನಮಗಿಂತ ಕೀಳಾಗಿಹೋಯಿತು” ಎಂದು ಹೇಳಿ ಪಾಠವನ್ನು ಮುಂದುವರಿಸಿದೆವು.

ಆ ರಾತ್ರಿ ಮರುದಿನದ ಪಾಠಕ್ಕಾಗಿ ದೇಶದೇಶಗಳ ಸ್ಥಿತಿಗತಿಗಳ ಕೋಷ್ಟಕವನ್ನು ತೆರೆದು ನೋಡಲಾಗಿ, ನಮ್ಮ ಉತ್ತರವು ಅರ್ಧಕ್ಕಿಂತ ಹೆಚ್ಚಾಗಿ ತಪ್ಪೆಂದು ಕಂಡುಬಂದಿತು. ವಿಶ್ವಸಂಸ್ಥೆಯವರ ಪಟ್ಟಿಯಲ್ಲಿ ಲಂಕೆಯು ನಮ್ಮ ದೇಶಕ್ಕಿಂತ ಐವತ್ತಕ್ಕೂ ಹೆಚ್ಚು ಸ್ಥಾನಗಳಷ್ಟು ಮೇಲಿದ್ದಿತು. ಇಪ್ಪತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯಿನಿಗೆ ಇದು ನಾಚಿಕೆಯ ಸಂಗತಿಯೇ ಸರಿ. ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ, ಆ ದಿನದ ಅವಸರದ ಉತ್ತರವನ್ನು ವಿಸ್ತಾರವಾಗಿ ತಿದ್ದಿಕೊಳ್ಳುವುದೇ ಲೇಸೆಂದು ನಮಗೆ ತೋರಿತು.

ಹೋಲಿಕೆಗೆ ಲಂಕೆಯನ್ನೇ ಏಕೆ ಆರಿಸಿಕೊಳ್ಳಬೇಕೆಂದು ವಾಚಕರು ಕೇಳಬಹುದು. ನಮ್ಮ ಬಾಲಿಕೆಯರಿಗೆ ಅಮೇರಿಕದ ಮೇಲೆ ಹೆಚ್ಚು ಆಸೆ. ಆದರೆ ಅಮೇರಿಕವನ್ನೂ ಕೂಡ್ಲಿಗಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ ನಿಟ್ಟುಸಿರು ಬಿಡುವುದರ ಹೊರತು ಕಲಿಯತಕ್ಕದ್ದು ಬಹಳವಿಲ್ಲ. ಲಂಕೆಯಾದರೋ ನಮ್ಮ ನೆರೆಯ ನಾಡು. ಹೊಸಪೇಟೆಯ ಆಚೆಗಿರುವ ಆನೆಗೊಂದಿ ಹಂಪೆಗಳ ಬೆಟ್ಟಗಳೇ ಕಿಷ್ಕಿಂಧೆಯೆಂದೂ, ಹನುಮಂತನು ಲಂಕೆಯನ್ನು ಹುಡುಕಲು ಹೊರಟುದು ಅಲ್ಲಿಂದಲೇ ಎಂದೂ ನಮ್ಮ ಸೀಮೆಯ ಅಜ್ಜಿಯರೆಲ್ಲರೂ ಹೇಳುವರು; ಆದುದರಿಂದ ಲಂಕೆಯ ಹೆಸರು ಇಲ್ಲಿನ ಮಗುವಿಗೂ ಹೊಸತಲ್ಲ. ನಾವು 1947ನೆಯ ಇಸವಿಯವರೆಗೂ ಅವರು 1948ನೆಯ ಇಸವಿಯ ಫೆಬ್ರವರಿಯವರೆಗೂ ಒಂದೇ ದೊರೆತನದ ಕೆಳಗಿದ್ದೆವು. ವಿಸ್ತೀರ್ಣದಲ್ಲಿ ಆ ದ್ವೀಪವು ಸುಮಾರು 25,000 ಚದರ ಮೈಲಿ, ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲು. ಜನಸಂಖ್ಯೆ ಎರಡು ಕೋಟಿಗೆ ತುಸು ಮೇಲು. ಅನ್ನ ಸಾರು ಉಣ್ಣುವವರು, ಮಳೆಯನ್ನು ನೋಡಿ ಬಿತ್ತುವವರು, ಕೆರೆಗಳನ್ನು ನಂಬಿದವರು. ತೂಕಕ್ಕೆ ಇಂಥ ಜೋಡಿಯೇ ಯೋಗ್ಯವಾದದ್ದು.

ಎರಡು ರಾಜ್ಯಗಳ ಬಾಳುವೆಯನ್ನು ಹೋಲಿಸಿ ನೋಡುವುದು ನಮ್ಮ ಐದು ತಾಲ್ಲೂಕುಗಳ ಹಿರಿಯರಿಗೆ ಹೊಸ ಅಭ್ಯಾಸವೂ ಅಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ನೆಲವನ್ನು 1800ನೆಯ ಇಸವಿಯಲ್ಲಿ ನಿಜಾಮರು ಕಂಪನಿಯವರಿಗೆ ಬಿಟ್ಟುಕೊಟ್ಟ ಮೇಲೆ, 1953ನೆಯ ಇಸವಿಯ ಅಕ್ಟೋಬರ್ 1ನೆಯ ತಾರೀಖಿನವರೆಗೆ ಇದು ಮದ್ರಾಸಿಗೆ ಸೇರಿದ್ದಿತು. ದಕ್ಷಿಣಕ್ಕೆ ಜಗಳೂರು ಮೊಳಕಾಲ್ಮೂರುಗಳ ಕಡೆ ಮೈಸೂರು ಸೀಮೆ, ಹೊಳೆಯಾಚೆ ಒಂದು ಕಡೆ ಬೊಂಬಾಯಿ ಪ್ರಾಂತ, ಇನ್ನೊಂದು ಕಡೆ ನಿಜಾಮರ ರಾಜ್ಯ. ಮಣ್ಣು ಒಂದೇ, ಜೋಳ ಒಂದೇ, ಮಾತು ಒಂದೇ. ಸರ್ಕಾರ ಮಾತ್ರ ಬೇರೆ. “ಮೈಸೂರು ಸೀಮೆಯಲ್ಲಿ ಹಾಗಂತೆ, ಇಲ್ಲಿ ಹೀಗೆ” ಎಂಬ ಮಾತನ್ನು ನಾವು ನಮ್ಮ ಅಜ್ಜಿಯ ಬಾಯಲ್ಲಿ ಕೇಳಿದವರು. ಮೈಸೂರಿನವರು 1913ನೆಯ ಇಸವಿಯಲ್ಲಿಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಮಾಡಿದರು. ಮದ್ರಾಸಿನವರ ಪ್ರಾಥಮಿಕ ಶಿಕ್ಷಣದ ಕಾಯಿದೆಯು 1920ರಲ್ಲಿ ಬಂದಿತು. ಎರಡೂ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದುವೆಂಬುದು ಬೇರೆ ಮಾತು. ಒಂದೇ ನೆಲದ ಮೇಲೆ ಗೆರೆಯೆಳೆದು ಎರಡು ರೀತಿಯ ಆಡಳಿತವನ್ನು ಇಟ್ಟರೆ ಬಾಳುವೆಯೂ ಎರಡು ರೀತಿಯಾಗುವುದೆಂಬುದನ್ನು ಅವರು ಕಣ್ಣಾರೆ ಕಂಡು ತಿಳಿದಿದ್ದರು.

ಇನ್ನು ತೂಗುವ ತಕ್ಕಡಿಯ ವಿಷಯ. ಬಹುಕಾಲದವರೆಗೆ ಅರ್ಥಶಾಸ್ತ್ರಜ್ಞರು ದೇಶದ ಒಟ್ಟು ಉತ್ಪನ್ನವನ್ನು ಜನರ ಸಂಖ್ಯೆಯಿಂದ ಭಾಗಿಸಿ, ಬಂದ ತಲಾ ಆದಾಯವನ್ನೇ ಬಾಳುವೆಯ ಅಳತೆಯೆಂದು ಹೇಳುತ್ತಿದ್ದರು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಎಂಬ ಪಂಡಿತರು, ನಮ್ಮ ದೇಶದ ಅಮರ್ತ್ಯ ಸೇನರೇ ಮೊದಲಾದವರ ನೆರವಿನಿಂದ, 1990ನೆಯ ಇಸವಿಯಲ್ಲಿ ವಿಶ್ವಸಂಸ್ಥೆಯ ಮೂಲಕ ಮಾನವ ಅಭಿವೃದ್ಧಿ ವರದಿಯನ್ನು ಹೊರಡಿಸಿ ಈ ಪದ್ಧತಿಯನ್ನು ಬದಲಾಯಿಸಿದರು. ಮನುಷ್ಯನು ಎಷ್ಟು ಕಾಲ ಬದುಕಿಯಾನು, ಎಷ್ಟು ವರ್ಷ ಓದಿಯಾನು, ಅವನ ಕೈಗೆ ಬರುವ ಆದಾಯಕ್ಕೆ ಅಲ್ಲಿಯ ಪೇಟೆಯಲ್ಲಿ ಎಷ್ಟು ಸಾಮಾನು ಸಿಕ್ಕೀತು ಎಂಬ ಮೂರನ್ನೂ ಕೂಡಿಸಿ ಒಂದು ಸೂಚ್ಯಂಕವನ್ನು ಕಟ್ಟಿದರು. 2010ನೆಯ ಇಸವಿಯಿಂದ ಈಚೆಗೆ ಈ ಮೂರನ್ನು ಕೂಡಿಸಿ ಮೂರರಿಂದ ಭಾಗಿಸುವುದಿಲ್ಲ. ಒಂದರಿಂದ ಒಂದನ್ನು ಗುಣಿಸಿ ಘನಮೂಲವನ್ನು ತೆಗೆಯುತ್ತಾರೆ. ಇದರ ಮರ್ಮವು ಅಡುಗೆ ಬಲ್ಲವರಿಗೆ ಸುಲಭವಾಗಿ ತಿಳಿಯುವುದು: ಸಾರಿಗೆ ಉಪ್ಪು ಕಡಿಮೆಯಾದರೆ ಇನ್ನೊಂದು ಹಿಡಿ ಬೇಳೆ ಹಾಕಿ ಅದನ್ನು ಸರಿಮಾಡಲಾಗದು. ಹಾಗೆಯೇ ಓದಿನ ಕೊರತೆಯನ್ನು ಹಣದ ಹೆಚ್ಚಳದಿಂದ ಪೂರ್ತಿಯಾಗಿ ಮುಚ್ಚಲು ಈ ಲೆಕ್ಕವು ಬಿಡುವುದಿಲ್ಲ. ಆದಾಯವನ್ನೂ ಇದ್ದಕ್ಕಿದ್ದಂತೆ ಸೇರಿಸುವುದಿಲ್ಲ. ಹಸಿದವನಿಗೆ ಒಂದು ಸೇರು ಜೋಳವು ತರುವ ಸುಖವನ್ನು ಹಗೇವು ತುಂಬಿದವನಿಗೆ ಇನ್ನೊಂದು ಸೇರು ತರಲಾರದೆಂಬುದನ್ನು ಲೆಕ್ಕಕ್ಕೆ ಹಿಡಿದು, ಆದಾಯವು ಏರಿದಂತೆಲ್ಲ ಅದರ ಬೆಲೆಯನ್ನು ತಗ್ಗಿಸುತ್ತ ಹೋಗುತ್ತಾರೆ.

2025ನೆಯ ಇಸವಿಯ ವರದಿಯಂತೆ 193 ದೇಶಗಳಲ್ಲಿ ಲಂಕೆಯದು 89ನೆಯ ಸ್ಥಾನ, ನಮ್ಮದು 130ನೆಯದು. ಹುಟ್ಟಿದ ಮಗುವಿನ ನಿರೀಕ್ಷಿತ ಆಯುಷ್ಯವು ಅಲ್ಲಿ ಸುಮಾರು 77 ವರ್ಷ, ಇಲ್ಲಿ 72. ವಯಸ್ಕರು ಸರಾಸರಿಯಾಗಿ ಶಾಲೆಯಲ್ಲಿ ಕಳೆದ ಕಾಲವು ಅಲ್ಲಿ ಹತ್ತು ವರ್ಷಗಳಿಗಿಂತ ಹೆಚ್ಚು, ಇಲ್ಲಿ ಏಳಕ್ಕಿಂತ ತುಸು ಕಡಿಮೆ. ಲಂಕೆಯವರ ತಲಾ ಆದಾಯವು ನಮ್ಮದಕ್ಕಿಂತ ಮೇಲೆಂಬುದು ನಿಜ. ಆದರೆ ಹತ್ತು ಪಟ್ಟಲ್ಲ, ಎರಡು ಪಟ್ಟೂ ಅಲ್ಲ. ನಮ್ಮ ಕರ್ನಾಟಕವೊಂದನ್ನೇ ತೆಗೆದುಕೊಂಡರೆ ಅದರ ತಲಾ ಆದಾಯವು ಈಚಿನ ವರ್ಷಗಳಲ್ಲಿ ಲಂಕೆಯ ಸಮಸಮಕ್ಕೆ ಬಂದಿರುವುದು. ಆದಾಗ್ಯೂ ಒಂದು ಲಕ್ಷ ಸಜೀವ ಜನನಗಳಿಗೆ ಮಡಿಯುವ ತಾಯಂದಿರ ಸಂಖ್ಯೆಯು 2018–20ರ ಸರ್ಕಾರಿ ಲೆಕ್ಕದ ಮೇರೆಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69 ಇದ್ದಿತು. ಲಂಕೆಯಲ್ಲಿ ಅದು ಸುಮಾರು 30. ಹಣವು ಸಮನಾಗಿದ್ದು ತಾಯಂದಿರ ಸಾವು ಸಮನಾಗದಿರುವುದೇಕೆ? ನಮ್ಮ ಲೇಖನದ ತಿರುಳು ಇಷ್ಟೇ.

ಈ ಪ್ರಶ್ನೆಯನ್ನು ಬರಿಯ ಅಂಕೆಗಳಿಂದ ಹೇಳಿದರೆ ಹದಿನೈದು ವರ್ಷದ ಬಾಲಿಕೆಯರ ಮನಸ್ಸಿಗೆ ಹತ್ತುವುದಿಲ್ಲ. ಆದಕಾರಣ ನಾವು ಒಂದು ಹಾಳೆಯಲ್ಲಿ ಮೂರು ಸಾಲುಗಳನ್ನು ಎಳೆದುಕೊಂಡು ಬರಲು ಹೇಳಿದೆವು. ಮೊದಲನೆಯದು ಅಜ್ಜಿಗೆ, ಎರಡನೆಯದು ತಾಯಿಗೆ, ಮೂರನೆಯದು ತಮಗೆ. ಎಷ್ಟು ವರ್ಷ ಓದಿದರು, ಎಷ್ಟನೆಯ ವಯಸ್ಸಿನಲ್ಲಿ ಮದುವೆಯಾಯಿತು, ಹೆರಿಗೆಯು ಎಲ್ಲಿ ಯಾರ ಕೈಯಿಂದ ಆಯಿತು, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು ಎಂಬಿವು ಪ್ರಶ್ನೆಗಳು. ಶನಿವಾರ ಕೊಟ್ಟ ಕೆಲಸವು ಸೋಮವಾರ ಬಂದಿತು. ಅಜ್ಜಿಯರ ಸಾಲಿನಲ್ಲಿ ಓದಿನ ಕೆಳಗೆ ಹೆಚ್ಚಿನವರು ಸೊನ್ನೆಯನ್ನು ಬರೆದಿದ್ದರು. ಹುಟ್ಟಿದವರಿಗೂ ಉಳಿದವರಿಗೂ ನಡುವೆ ಬಹಳ ಅಂತರವಿದ್ದಿತು. ಮನೆಯಲ್ಲಿಯೇ ಹೆರಿಗೆ, ಸೂಲಗಿತ್ತಿಯ ಕೈ. ಒಬ್ಬ ಹುಡುಗಿಯ ಅಜ್ಜಿಯು ಎಣಿಸಲು ಒಪ್ಪಲೇ ಇಲ್ಲವಂತೆ: “ಸತ್ತ ಕೂಸುಗಳನ್ನ ಎಣಸಬಾರದವ್ವಾ” ಎಂದು ಮುಖ ತಿರುಗಿಸಿಕೊಂಡಳಂತೆ. ಆ ಹುಡುಗಿಯು ಆ ಮನೆಯನ್ನು ಖಾಲಿಬಿಟ್ಟು ತಂದಿದ್ದಳು. ನಾವು ಅದಕ್ಕೆ ಪೂರ್ಣ ಅಂಕವನ್ನು ಕೊಟ್ಟೆವು. ತಾಯಂದಿರ ಸಾಲಿನಲ್ಲಿ ಆಸ್ಪತ್ರೆಯ ಹೆಸರು ಬರತೊಡಗಿತ್ತು, ಹುಟ್ಟಿದವರೂ ಉಳಿದವರೂ ಬಹುತೇಕ ಒಂದೇ ಆಗಿದ್ದರು. ಆದರೆ ಓದಿನ ಮನೆಯಲ್ಲಿ ಐದು, ಏಳು. ಮದುವೆಯ ಮನೆಯಲ್ಲಿ ಹದಿನಾರು, ಹದಿನೇಳು.

ಈಗ ಲಂಕೆಯ ಅಜ್ಜಿಯ ಸಾಲನ್ನು ನೋಡೋಣ. 1930ರ ದಶಕದಲ್ಲಿ ಅಲ್ಲಿಯೂ ಒಂದು ಲಕ್ಷ ಜನನಗಳಿಗೆ ಎರಡು ಸಾವಿರಕ್ಕೂ ಮಿಕ್ಕಿ ತಾಯಂದಿರು ಸಾಯುತ್ತಿದ್ದರು. 1934–35ರಲ್ಲಿ ಮಲೇರಿಯಾ ಜ್ವರವು ಮಾರಿಯಂತೆ ಬಂದು ಸುಮಾರು 80,000 ಜನರನ್ನು ತೆಗೆದುಕೊಂಡು ಹೋಯಿತು. ಆದುದರಿಂದ ಆ ದ್ವೀಪವು ಹುಟ್ಟಿನಿಂದಲೇ ಪುಣ್ಯವಂತವೆಂದು ತಿಳಿಯತಕ್ಕದ್ದಲ್ಲ. ಅಲ್ಲಿ ಆದುದೇನೆಂದರೆ, 1926ನೆಯ ಇಸವಿಯಲ್ಲಿ ಕಳುತರ ಎಂಬಲ್ಲಿ ಒಂದು ಆರೋಗ್ಯ ಘಟಕವನ್ನು ಸ್ಥಾಪಿಸಿ, ಒಬ್ಬ ವೈದ್ಯಾಧಿಕಾರಿಯ ಕೈಕೆಳಗೆ ಹಳ್ಳಿಹಳ್ಳಿಗೆ ತರಬೇತಿ ಹೊಂದಿದ ಸೂಲಗಿತ್ತಿಯರನ್ನು ನೇಮಿಸುವ ಪದ್ಧತಿಯನ್ನು ಹಾಕಿದರು. ಮುಂದೆ ಅದು ದ್ವೀಪದಾದ್ಯಂತ ಹಬ್ಬಿತು. ಕೊಲಂಬೋವಿನ ಡಿ ಸೊಯ್ಸ ಹೆರಿಗೆ ಆಸ್ಪತ್ರೆಯು 1879ನೆಯ ಇಸವಿಯಿಂದಲೂ ಇದ್ದಿತು. ಆದರೆ ಪಟ್ಟಣದ ಒಂದು ಆಸ್ಪತ್ರೆಯಿಂದ ನಾಡಿನ ತಾಯಂದಿರು ಉಳಿಯುವುದಿಲ್ಲ. ಉಳಿಸಿದವಳು ಹಳ್ಳಿಯ ಆ ಸೂಲಗಿತ್ತಿ.

ಅವಳ ಕೆಲಸವನ್ನು ತುಸು ವಿವರವಾಗಿಯೇ ಹೇಳುವೆವು. ಅವಳು ಅಷ್ಟಿಷ್ಟು ಓದಿದವಳು, ಶಾಲೆಯ ಓದಿನ ಮೇಲೆ ತರಬೇತಿಯನ್ನೂ ಪರೀಕ್ಷೆಯನ್ನೂ ಮುಗಿಸಿದವಳು, ಸರ್ಕಾರದ ಸಂಬಳದವಳು. ಒಂದು ನಿಗದಿಯಾದ ಸೀಮೆಯ ಕೆಲವು ಸಾವಿರ ಜನರಲ್ಲಿ ಯಾವ ಮನೆಯಲ್ಲಿ ಯಾರು ಬಸುರಿ, ಯಾರು ಬಾಣಂತಿ, ಯಾವ ಕೂಸಿನ ತೂಕ ಎಷ್ಟೆಂಬುದು ಅವಳ ದಫ್ತರದಲ್ಲಿರುವುದು. ಬಸುರಿಯು ಬರಲಿ ಎಂದು ಅವಳು ಕಾಯುವುದಿಲ್ಲ, ತಾನೇ ಮನೆಗೆ ಹೋಗುವಳು. ಕಾಲು ಬಾತಿದೆಯೇ, ರಕ್ತ ಕಡಿಮೆಯೇ ಎಂದು ಮೊದಲೇ ನೋಡಿ, ಅಪಾಯವೆಂದು ತೋರಿದವಳನ್ನು ಮುಂಚಿತವಾಗಿ ಆಸ್ಪತ್ರೆಗೆ ಕಳುಹಿಸುವಳು. ಒಬ್ಬ ತಾಯಿಯು ಸತ್ತರೆ ಅದನ್ನು ವಿಧಿಯೆಂದು ಬಿಟ್ಟುಬಿಡದೆ, ಯಾವ ಗಳಿಗೆಯಲ್ಲಿ ಯಾರಿಂದ ತಡವಾಯಿತೆಂದು ವಿಚಾರಣೆ ನಡೆಯುವುದು. ಇಂದು ನಮ್ಮಲ್ಲಿ ಕಿರಿಯ ಆರೋಗ್ಯ ಸಹಾಯಕಿಯರೂ, 2005ನೆಯ ಇಸವಿಯಿಂದ ಈಚೆಗೆ ಬಂದ ಆಶಾ ಕಾರ್ಯಕರ್ತೆಯರೂ ಇದೇ ಬಗೆಯ ಕೆಲಸವನ್ನು ಮಾಡುತ್ತಿರುವರು. ಕೊಟ್ಟೂರಿನ ಬಿಸಿಲಿನಲ್ಲಿ ಅವರು ನಡೆಯುವುದನ್ನು ನಾವು ದಿನವೂ ಕಾಣುತ್ತೇವೆ. ಭೇದವಿರುವುದು ಕಾಲದಲ್ಲಿ. ಅವರು ನಮಗಿಂತ ಎರಡು ತಲೆಮಾರು ಮೊದಲು ಹೊರಟರು.

ಆದರೆ ಸೂಲಗಿತ್ತಿಯು ಬಾಗಿಲಿಗೆ ಬಂದು ಹೇಳಿದುದನ್ನು ಒಳಗಿನವಳು ಕೇಳಿ ತಿಳಿಯಬೇಕಷ್ಟೆ. ಇಲ್ಲಿಯೇ ಹೆಣ್ಣುಮಕ್ಕಳ ಓದಿನ ಮಾತು ಬರುವುದು. ಅಮೇರಿಕದ ಮಿಷನರಿಗಳು ಜಾಫ್ನಾ ಸೀಮೆಯ ಉಡುವಿಲ್ ಎಂಬಲ್ಲಿ 1824ನೆಯ ಇಸವಿಯಲ್ಲಿ ಹೆಣ್ಣುಮಕ್ಕಳಿಗಾಗಿ ವಸತಿಶಾಲೆಯನ್ನು ತೆರೆದರು. ಅವರನ್ನು ನೋಡಿ ಬೌದ್ಧರೂ ಹಿಂದೂಗಳೂ ತಮ್ಮ ತಮ್ಮ ಶಾಲೆಗಳನ್ನು ತೆರೆದರು. ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು 1810ನೆಯ ಇಸವಿಯಲ್ಲಿಯೇ ನೆಲೆಯೂರಿದ್ದರು. ಹೀಗಿರಲು, ಮೊದಲು ಬಂದ ಬೆಳಕು ಇಲ್ಲಿ ಏಕೆ ಹರಡಲಿಲ್ಲವೆಂದು ಮಿಷನ್ ಶಾಲೆಗಳಲ್ಲಿಯೇ ಬೆಳೆದ ನಾವು ಎಷ್ಟೋ ಸಲ ನಮ್ಮನ್ನು ನಾವೇ ಕೇಳಿಕೊಂಡಿದ್ದೇವೆ. ನಮಗೆ ತೋರುವ ಉತ್ತರವು ನಮ್ಮಂಥ ಶಾಲೆಗಳಿಗೆ ಅಷ್ಟು ಹಿತವಾದದ್ದಲ್ಲ. ಧರ್ಮಸಂಸ್ಥೆಗಳ ಶಾಲೆಯು ಎಷ್ಟು ಒಳ್ಳೆಯದಾದರೂ ಅದು ಒಂದು ಬಾವಿಯಷ್ಟೆ. ಸುತ್ತಲಿನ ಕೆಲವು ಮನೆಗಳಿಗೆ ನೀರಾಗುವುದು. ಲಂಕೆಯಲ್ಲಿ ವಿದ್ಯಾಮಂತ್ರಿಯಾಗಿದ್ದ ಕನ್ನಂಗರ ಎಂಬವರು 1945ನೆಯ ಇಸವಿಯ ಅಕ್ಟೋಬರ್ 1ನೆಯ ತಾರೀಖಿನಿಂದ ಶಿಶುವರ್ಗ ಮೊದಲ್ಗೊಂಡು ವಿಶ್ವವಿದ್ಯಾನಿಲಯದವರೆಗೆ ಫೀಜಿಲ್ಲದ ವಿದ್ಯೆಯನ್ನು ಜಾರಿಗೆ ತಂದು, ಹಳ್ಳಿಗಾಡಿನಲ್ಲಿ ಕೇಂದ್ರ ಶಾಲೆಗಳನ್ನು ಕಟ್ಟಿಸಿ, ಬಾವಿಯ ನೀರನ್ನು ಕಾಲುವೆಗೆ ಹರಿಸಿದರು. ಗಂಡುಮಗುವನ್ನು ಓದಿಸಲು ಹೆಣ್ಣುಮಗುವಿನ ಫೀಜನ್ನು ಉಳಿಸಬೇಕಾದ ಪ್ರಸಂಗವೇ ಇಲ್ಲವಾಯಿತು. ಇನ್ನೊಂದು ಕಾರಣವನ್ನೂ ಮರೆಯಬಾರದು. ಆ ದ್ವೀಪದಲ್ಲಿ 1931ನೆಯ ಇಸವಿಯಿಂದಲೇ ಗಂಡಸರಿಗೂ ಹೆಂಗಸರಿಗೂ ಮತದಾನದ ಹಕ್ಕು ಬಂದಿತ್ತು. ನಮ್ಮಲ್ಲಿ ಎಲ್ಲರೂ ಮತ ಹಾಕಿದುದು 1951–52ರಲ್ಲಿ. ಮತವಿದ್ದ ಕಡೆಗೆ ಶಾಲೆಯೂ ಆಸ್ಪತ್ರೆಯೂ ಬೇಗ ಬರುವುದು ಸಹಜ.

ಫಲವನ್ನು ಎರಡೇ ಮಾತಿನಲ್ಲಿ ಹೇಳಬಹುದು. ಲಂಕೆಯ ಹೆಂಗಸರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಓದುಬರಹ ಬಲ್ಲವರು. ನಮ್ಮಲ್ಲಿ 2011ನೆಯ ಇಸವಿಯ ಖಾನೇಸುಮಾರಿಯ ಮೇರೆಗೆ ಭಾರತದ ಹೆಂಗಸರಲ್ಲಿ ನೂರಕ್ಕೆ 65, ಕರ್ನಾಟಕದಲ್ಲಿ 68, ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 58. ಅದೇ ಭಾರತದೊಳಗಿನ ಕೇರಳದಲ್ಲಿ 92. ಎಂದರೆ ಕೊರತೆಯು ಭಾರತವೆಂಬ ಹೆಸರಿನಲ್ಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಲಂಕೆಯು ಸ್ವರ್ಗವೆಂದು ನಮ್ಮ ಬಾಲಿಕೆಯರು ತಿಳಿದಾರು. ಸರಾಸರಿಯೆಂಬುದು ಒಂದು ಕಂಬಳಿ; ಅದರ ಕೆಳಗೆ ಯಾರು ಹೇಗೆ ಮಲಗಿದ್ದಾರೆಂಬುದು ಮೇಲೆ ಕಾಣದು. ಲಂಕೆಯ ಬೆಟ್ಟಗಳಲ್ಲಿ ಚಹದ ತೋಟಗಳ ಲೈನುಮನೆಗಳಲ್ಲಿ ವಾಸಿಸುವ ತಮಿಳು ಕೂಲಿಗಳು, ಆ ದೇಶದ ಬೊಕ್ಕಸವನ್ನು ತುಂಬಿದವರು, 1948ನೆಯ ಇಸವಿಯ ಪೌರತ್ವದ ಕಾಯಿದೆಯಿಂದ ಯಾವ ದೇಶಕ್ಕೂ ಸೇರದವರಾದರು. ಶಾಲೆಯೂ ಆಸ್ಪತ್ರೆಯೂ ಅವರಿಗೆ ಎಲ್ಲರಿಗಿಂತ ತಡವಾಗಿ ತಲುಪಿದುವು. 1964ನೆಯ ಇಸವಿಯಲ್ಲಿ ಸಿರಿಮಾವೋ ಅವರಿಗೂ ಲಾಲ್ ಬಹಾದೂರ್ ಶಾಸ್ತ್ರಿಗಳಿಗೂ ಆದ ಒಪ್ಪಂದದ ಮೇಲೆ ಲಕ್ಷಾಂತರ ಜನರನ್ನು ಭಾರತಕ್ಕೆ ಕಳುಹಿಸುವುದಾಯಿತು. ಅವರಲ್ಲಿ ಕೆಲವರು ನಮ್ಮ ಕರ್ನಾಟಕದಲ್ಲಿಯೇ, ಸುಳ್ಯ ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ, ನೆಲೆನಿಂತಿರುವರು. ಓದುಬರಹ ಬಲ್ಲ ಆ ದೇಶವೇ 1983ರಿಂದ 2009ರವರೆಗೆ ಸಿಂಹಳ ತಮಿಳು ಎಂದು ಇಬ್ಭಾಗವಾಗಿ ಯುದ್ಧಮಾಡಿತು. ಉಡುವಿಲ್ ಇರುವ ಜಾಫ್ನಾ ಸೀಮೆಯೇ ರಣಭೂಮಿಯಾಯಿತು. ಸೂಚ್ಯಂಕದಲ್ಲಿ ಇದಕ್ಕೆ ಮನೆಯಿಲ್ಲ. ಜಗತ್ತಿನಲ್ಲಿಯೇ ಮೊದಲ ಬಾರಿಗೆ ಒಬ್ಬ ಹೆಂಗಸು ಪ್ರಧಾನಿಯಾದುದು 1960ನೆಯ ಇಸವಿಯಲ್ಲಿ ಅದೇ ಲಂಕೆಯಲ್ಲಿ. ಆದರೂ ಬಡಮನೆಯ ಎಷ್ಟೋ ತಾಯಂದಿರು ಕೂಸುಗಳನ್ನು ಅಜ್ಜಿಯ ಬಳಿ ಬಿಟ್ಟು ಅರಬರ ದೇಶಗಳಿಗೆ ಮನೆಗೆಲಸಕ್ಕೆ ಹೋಗುವರು. ಅದನ್ನು ಅವರೇನೆಂದು ಕರೆಯುವರೋ, ನಮ್ಮ ಸೀಮೆಯಲ್ಲಿ ಅದಕ್ಕೆ ಗುಳೆಯೆಂದು ಹೆಸರು.

2022ನೆಯ ಇಸವಿಯ ಆಪತ್ತೂ ಹಾಗೆಯೇ. ಹಿಂದಿನ ವರ್ಷ ರಾಸಾಯನಿಕ ಗೊಬ್ಬರವನ್ನು ಇದ್ದಕ್ಕಿದ್ದಂತೆ ನಿಷೇಧಿಸಿದುದರಿಂದ ಭತ್ತದ ಬೆಳೆ ಕುಸಿಯಿತು. ಸಾಲ ತೀರಿಸಲು ವಿದೇಶೀ ಹಣವಿಲ್ಲದೆ ಏಪ್ರಿಲ್ ತಿಂಗಳಲ್ಲಿ ಸರ್ಕಾರವು ಕೈಯೆತ್ತಿತು. ಔಷಧಗಳಿಲ್ಲದೆ ಆಸ್ಪತ್ರೆಗಳು ಪರದಾಡಿದುವು. ಆಗ ಭಾರತವು ಸುಮಾರು 400 ಕೋಟಿ ಡಾಲರುಗಳಷ್ಟು ನೆರವನ್ನಿತ್ತಿತು. ಕೊಡುವ ಶಕ್ತಿಯೂ ಒಂದು ದೇಶದ ಸ್ಥಿತಿಗತಿಯೇ ಅಲ್ಲವೇ? ನಮ್ಮ ಉಗ್ರಾಣಗಳಲ್ಲಿ ಧಾನ್ಯವಿದೆ. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಆರಂಭವಾದ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯ ಜನರು ದಾರಿಯಲ್ಲಿ ಬಿದ್ದು ಸತ್ತಂತೆ ಇಂದು ಸಾಯುವುದಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಬೊಕ್ಕಸವು ಬರಿದಾದ ವರ್ಷದಲ್ಲಿಯೂ ಲಂಕೆಯ ಓದಿದ ತಾಯಿಯು ಓದನ್ನು ಮರೆಯಲಿಲ್ಲ. ಹಣವು ಒಂದೇ ವರ್ಷದಲ್ಲಿ ಹೋಗಬಹುದು. ಅಜ್ಜಿಯ ಕಾಲದಿಂದ ಕೂಡಿಬಂದುದು ಅಷ್ಟು ಬೇಗ ಹೋಗದು. ಅವರ ಸ್ಥಾನವು ಕೆಲವು ಮೆಟ್ಟಿಲು ಇಳಿಯಿತೇ ಹೊರತು ನೆಲಕ್ಕೆ ಬೀಳಲಿಲ್ಲ. ಅಂದು ನಾವು ತರಗತಿಯಲ್ಲಿ ಹೇಳಬೇಕಾಗಿದ್ದ ಉತ್ತರವು ಇದು.

ನಮ್ಮ ಕಡೆಯ ಪ್ರಗತಿಯನ್ನೂ ಮುಚ್ಚಿಡಬಾರದು. 2002ನೆಯ ಇಸವಿಯಲ್ಲಿ ಆರಂಭವಾದ ಬಿಸಿಯೂಟವು ಮೊದಲು ನಮ್ಮಂಥ ಹಿಂದುಳಿದ ಜಿಲ್ಲೆಗಳಿಗೇ ಬಂದಿತು. 2006ರ ಸುಮಾರಿನಿಂದ ಎಂಟನೆಯ ತರಗತಿಗೆ ಸರ್ಕಾರವು ಸೈಕಲ್ಲು ಕೊಡತೊಡಗಿದಾಗ, ಹೆಣ್ಣುಮಕ್ಕಳು ಊರ ಹೊರಗಿನ ರಸ್ತೆಯಲ್ಲಿ ತಾವಾಗಿಯೇ ಹೋಗಿಬರುವುದನ್ನು ನಮ್ಮ ಜನರು ಮೊದಲ ಸಲ ಕಂಡರು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಾದುವು. ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಜನರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತೆಂದಿದೆ. ಲಂಕೆಯಲ್ಲಿ ಈ ಸಂಖ್ಯೆಯು ಹತ್ತರ ಆಸುಪಾಸು. ಆಸ್ಪತ್ರೆಯ ಬಾಗಿಲವರೆಗೆ ನಾವು ಬಂದಿದ್ದೇವೆ. ಆ ಬಾಗಿಲಿಗೆ ಬರುವವಳು ಇನ್ನೂ ಮಗುವೇ ಆಗಿರುವಳು.

2021ನೆಯ ಇಸವಿಯಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯಾದಾಗ ಅದರ ಆರು ತಾಲ್ಲೂಕುಗಳಲ್ಲಿ ಐದು ನಮ್ಮವೇ ಆದುವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ಇಲ್ಲಿ ಸೇರಿದೆ. ಹಡಗಲಿಯ ಮಲ್ಲಿಗೆಗೆ ದೇಶದ ಮನ್ನಣೆ ದೊರೆತಿದೆ. ಆದರೆ ಹಡಗಲಿ ಹರಪನಹಳ್ಳಿಗಳ ತಾಂಡಗಳಿಂದ ಸುಗ್ಗಿ ಮುಗಿದೊಡನೆ ಸಂಸಾರ ಸಮೇತ ಕಬ್ಬು ಕಡಿಯಲೂ, ಕಾಫಿಯ ತೋಟಗಳಿಗೂ, ಬೆಂಗಳೂರಿನ ಕಟ್ಟಡಗಳಿಗೂ ಗುಳೆ ಹೋಗುವುದು ನಿಂತಿಲ್ಲ. ಅಪ್ಪ ಅಮ್ಮ ಹೊರಟರೆ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯೂ ಹೊರಡಬೇಕು. ನಮ್ಮ ಹಾಜರಿ ಪುಸ್ತಕದಲ್ಲಿ ಡಿಸೆಂಬರಿನಿಂದ ಕೆಲವು ಹೆಸರುಗಳ ಮುಂದೆ ಬರಿಯ ಗೆರೆಗಳೇ ಬೀಳುವುವು.

ಆ ಮೂರು ಸಾಲುಗಳ ಹಾಳೆಯನ್ನು ಎಲ್ಲರಿಗಿಂತ ಚೊಕ್ಕಟವಾಗಿ ಬರೆದು ತಂದವಳು ಅಂಥ ಒಂದು ತಾಂಡದ ಹುಡುಗಿ. ಅಜ್ಜಿಗೆ ಹುಟ್ಟಿದವರು ಒಂಬತ್ತು, ಉಳಿದವರು ನಾಲ್ಕು. ತಾಯಿಗೆ ಹುಟ್ಟಿದವರು ನಾಲ್ಕು, ಉಳಿದವರು ನಾಲ್ಕು. ತನ್ನ ಸಾಲಿನಲ್ಲಿ ಓದಿನ ಮನೆಯಲ್ಲಿ ಮಾತ್ರ ‘ಹತ್ತು’ ಎಂದು ಬರೆದು ಉಳಿದುದನ್ನು ಬಿಟ್ಟಿದ್ದಳು. ಜನವರಿಯಲ್ಲಿ ಅವಳು ಎರಡು ವಾರ ಬಾರದಿದ್ದಾಗ, ನಾವು ಇನ್ನೊಬ್ಬ ಉಪಾಧ್ಯಾಯಿನಿಯನ್ನು ಕರೆದುಕೊಂಡು ಅವಳ ಮನೆಗೆ ಹೋದೆವು. ಸಂಸಾರವು ಇನ್ನೂ ಹೊರಟಿರಲಿಲ್ಲ. ಗಂಡಿನ ಕಡೆಯವರು ಬಂದುಹೋಗಿದ್ದರು. ಅಜ್ಜಿಯು ಚಹ ಕೊಟ್ಟಳು. ನಾವು ಪರೀಕ್ಷೆಯ ಮಾತನ್ನೂ, ಕಾಯಿದೆಯ ಮಾತನ್ನೂ, ಕೊನೆಗೆ ಅವಳ ಹಾಳೆಯನ್ನು ತೆಗೆದು ಲಂಕೆಯ ಮಾತನ್ನೂ ಹೇಳಿದೆವು. ತಂದೆಯು ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದನು. ಅವನಿಗೆ ಓದಲು ಬರುತ್ತಿರಲಿಲ್ಲ. ಮಗಳೇ ಅಂಕೆಗಳನ್ನು ಬೆರಳಿಟ್ಟು ಓದಿಹೇಳಿದಳು. ಒಂಬತ್ತು, ನಾಲ್ಕು ಎಂದಾಗ ಅಜ್ಜಿಯು ಒಳಗೆ ಎದ್ದುಹೋದಳು.

“ಎಸ್ಸೆಲ್ಸಿ ಮುಗೀಲ್ರಿ ಅಕ್ಕೋರ, ಆಮ್ಯಾಲೆ ನೋಡಿದ್ರಾತು” ಎಂದು ತಂದೆಯು ಹಾಳೆಯನ್ನು ಮಡಚಿ ನಮ್ಮ ಕೈಗೆ ಕೊಟ್ಟನು. ಹುಡುಗಿಯು ಮರುದಿನದಿಂದ ಶಾಲೆಗೆ ಬಂದಳು, ಏಪ್ರಿಲಿನಲ್ಲಿ ಪರೀಕ್ಷೆಗೆ ಕುಳಿತಳು, ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಈಗ ಅವಳು ಹೊಸಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಾದಿಯರ ತರಬೇತಿಗೆ ಅರ್ಜಿ ಹಾಕಿರುವಳೆಂದು ಕೇಳಿದ್ದೇವೆ. ಹಾಳೆಯು ನಮ್ಮ ಕಪಾಟಿನಲ್ಲಿದೆ. ಮೂರನೆಯ ಸಾಲಿನ ಮನೆಗಳು ಇನ್ನೂ ಖಾಲಿಯಾಗಿವೆ.